ಒಂದು ಗೇಣು, ಎರಡು ಬೆರಳು

ಮೊದಲೇ ಹೇಳಿಬಿಡುತ್ತೇನೆ, ಗಾಳ ಹಾಕುವುದರಲ್ಲಿ ನನ್ನನ್ನು ಮೀರಿಸುವವರು ಈ ಭೂಮಿಯ ಮೇಲಿಲ್ಲ. ನನ್ನ ನೆರಳು ನೀರಿಗೆ ಬಿದ್ದರೆ ಸಾಕು, ಮೀನುಗಳು ಸಾಲುಗಟ್ಟಿ ನಿಲ್ಲುತ್ತವೆ. ಅಂಗಡಿಗಳಿಗೆ ಬೋರ್ಡು ಬರೆಯುವುದು ನನ್ನ ಕಸುಬು. ಸಣ್ಣ ಅಕ್ಷರಕ್ಕೆ ಯಾರೂ ದುಡ್ಡು ಬಿಚ್ಚುವುದಿಲ್ಲ, ಹಾಗಾಗಿ ನನ್ನ ಮಾತೂ ಸ್ವಲ್ಪ ದಪ್ಪ ಅಕ್ಷರದ್ದೇ. ನನ್ನ ಹೆಂಡತಿ ಇದನ್ನು ರೈಲು ಬಿಡುವುದು ಎನ್ನುತ್ತಾಳೆ.

ಆ ಭಾನುವಾರಕ್ಕೆ, ನದಿ ಸಮುದ್ರ ಸೇರುವ ಕಡೆ, ಗೈಡ್ ಸಮೇತ ಇಡೀ ದೋಣಿಯನ್ನು ನನಗೊಬ್ಬನಿಗೇ ಬುಕ್ ಮಾಡಿದ್ದೆ. ಗೈಡ್ ನನ್ನ ಪ್ರಾಣಸ್ನೇಹಿತ ಎಂದು ಮನೆಯಲ್ಲಿ ಹೇಳಿದ್ದೆ. ಅವನ ಮುಖವನ್ನೇ ನಾನು ನೋಡಿರಲಿಲ್ಲ.

ಹಿಂದಿನ ಸಂಜೆ ಅತ್ತೆ, "ನಾನೂ ಬರ್ತೀನಿ" ಎಂದರು.

ಅತ್ತೆ ಎಂದರೆ ನನ್ನ ಹೆಂಡತಿಯ ತಾಯಿ, ನಲವತ್ತು ವರ್ಷ ಬಟ್ಟೆ ಹೊಲಿದವರು. ಅವರು ಬಳಸಿದ ದಾರವನ್ನೆಲ್ಲ ಗಂಟು ಹಾಕಿದರೆ ಚಂದ್ರನಿಗೆ ಹೋಗಿ ಬಂದು ಇನ್ನೂ ಒಂದು ಉಂಡೆ ಉಳಿಯುತ್ತದೆ. ಎಂಟು ತಿಂಗಳ ಹಿಂದೆ ಲಕ್ವ ಹೊಡೆದು ಅವರ ಬಲಗೈ ಸೋತಿತ್ತು. ಹೋದ ತಿಂಗಳು ಹೊಲಿಗೆ ಮಷಿನ್ನಿನ ಸೂಜಿ ಬೆರಳಿಗೇ ಇಳಿದ ಮೇಲೆ, ನನ್ನ ಹೆಂಡತಿ ಮಷಿನ್ನಿಗೆ ಹೊದಿಕೆ ಹಾಕಿ, ಸೋಮವಾರ ಬಂದು ಒಯ್ಯುವಂತೆ ಯಾರಿಗೋ ಹೇಳಿಬಿಟ್ಟಿದ್ದಳು.

"ಅಮ್ಮಾ, ನಿಂಗೆ ಲೋಟ ಹಿಡಿಯೋಕಾಗಲ್ಲ. ಗಾಳ ಹಿಡೀತೀಯಾ?" ಎಂದಳು ನನ್ನ ಹೆಂಡತಿ.

"ಈ ಬಲಗೈಯಲ್ಲೇ, ಯಾರೂ ಮುಟ್ಟದೆ, ಒಂದು ಮೀನು ಎತ್ತಿದ್ರೆ ಮಷಿನ್ ಇಲ್ಲೇ ಇರುತ್ತಾ?"

"ಇರುತ್ತೆ. ಆಗದಿದ್ರೆ ಸೋಮವಾರ ನೀನು ತುಟಿ ಬಿಚ್ಚಬಾರದು."

"ಆಯ್ತು ಹೋಗೆ."

ಭಾನುವಾರ ದೋಣಿಯಲ್ಲಿ ಕಂಡ ನನ್ನ ಪ್ರಾಣಸ್ನೇಹಿತ ಕಡ್ಡಿಯಂಥ ಮನುಷ್ಯ. ಗಾಳಕ್ಕೆ ಸೀಗಡಿ ಚುಚ್ಚುತ್ತ ಒಂದೇ ಮಾತು ಹೇಳಿದ: "ಮೂರು ಗಂಟೆ ಹೊತ್ತು ಉಬ್ಬರದ ನೀರಿರುತ್ತೆ ಸಾರ್. ಇಳಿಯೋಕೆ ಶುರುವಾದ್ರೆ ದೋಣಿ ಕೆಸರಲ್ಲಿ ಕೂತ್ಕೊಳುತ್ತೆ. ಹೊರಡಿ ಅಂದಾಗ ಹೊರಡ್ಬೇಕು."

ದಾರವನ್ನು ತೋರುಬೆರಳಿಗೆ ತಾಗಿಸಿ ಹಿಡಿಯುವುದು ಹೇಗೆಂದು ಅವನು ಅತ್ತೆಗೆ ತೋರಿಸಲು ಹೋದ.

"ದಾರದ ಬಿಗಿ ನೋಡೋದು ನಂಗೆ ಹೇಳಿಕೊಡ್ಬೇಡಪ್ಪ," ಎಂದರು ಅತ್ತೆ. ಹೇಳಿದ ಮರುಕ್ಷಣವೇ ಗಾಳದ ರಾಡು ಕೈಜಾರಿ ದೋಣಿಯೊಳಗೆ ಬಿತ್ತು. ಎತ್ತಿಕೊಂಡರು. ಮತ್ತೆ ಬಿತ್ತು. ಎರಡು ಗಂಟೆಯಲ್ಲಿ ಸಾವಿರ ಸಲ ಬಿತ್ತು ಎಂದು ನಾನು ಹೇಳಬಹುದು. ಸಾವಿರದ ಒಂದು ಸಲ ಎತ್ತಿಕೊಂಡರು. ಕೊನೆಗೆ ಮೊಣಕೈಯನ್ನು ಸೊಂಟಕ್ಕೆ ಒತ್ತಿ ಹಿಡಿದು, ನಡುಗುವ ಕೈಯನ್ನು ಅಲ್ಲಿಗೇ ಕಟ್ಟಿಹಾಕಿದಂತೆ ಕೂತರು. ನನ್ನ ಗಾಳಕ್ಕೆ ಬಂದದ್ದು ಒಂದು ಹಳೇ ಚಪ್ಪಲಿ, ಅದೂ ಎಡಗಾಲಿನದು. ಮೀನುಗಳು ನಾಚಿಕೊಂಡಿದ್ದವು ಅನ್ನಿ.

ಆಗ ಅತ್ತೆಯ ರಾಡು ಬಿಲ್ಲಿನಂತೆ ಬಾಗಿತು. ನಾನು ಫೋಟೋ ತೆಗೆಯಲು ಎದ್ದೆ. ಅತ್ತೆಯೂ ನೀರಿಗೆ ಹೋಗುವಂತೆ ಕಂಡದ್ದರಿಂದ ಹಾರಿ ರಾಡನ್ನು ಹಿಡಿದೆ. ಫೋನು ನದಿಗೆ ಬಿತ್ತು. ಅಂಗಿಯ ಕಂಕುಳು ಪರ್ರನೆ ಹರಿಯಿತು. ಮೀನು ಮೇಲೆ ಬಂತು ನೋಡಿ! ಎಮ್ಮೆ ಕರುವಿನಷ್ಟಿತ್ತು. ದೋಣಿ ಒಂದು ಕಡೆಗೆ ವಾಲಿತು, ಪ್ರಾಣಸ್ನೇಹಿತ ಮೊದಲ ಸಲ ಹಲ್ಲು ಬಿಟ್ಟ.

"ಬಿಡಪ್ಪ ಇದನ್ನ," ಎಂದರು ಅತ್ತೆ.

"ಅಮ್ಮ! ಇಂಥದ್ದು ವರ್ಷಕ್ಕೊಂದು ಸಿಕ್ಕಿದ್ರೆ ಹೆಚ್ಚು," ಎಂದ ಗೈಡ್.

"ಇದು ಅಳಿಯಂದ್ರು ಮುಟ್ಟಿದ ಮೀನು. ನಂಗೆ ನನ್ನ ಕೈ ಮೀನು ಬೇಕು." ಆಮೇಲೆ ನನ್ನ ಕಡೆ ತಿರುಗಿ, "ಅಳಿಯಂದ್ರೇ, ನೀವು ನಿಮ್ಮೆರಡು ಕೈ ಮೇಲೆ ಕೂತ್ಕೊಳ್ಳಿ."

ಕೂತೆ. ಎಮ್ಮೆ ಕರು ಬಾಲ ಬೀಸಿ ಹೋಯಿತು.

"ನೀರು ಇಳೀತಿದೆ ಅಮ್ಮ. ಹೊರಡೋಣ," ಎಂದು ಗೈಡ್ ಲಂಗರಿಗೆ ಕೈ ಹಾಕಿದ.

"ಇನ್ನೊಂದೇ ಸಲ."

ಅವನು ನೀರನ್ನು ನೋಡಿದ, ಅತ್ತೆಯನ್ನು ನೋಡಿದ, ಲಂಗರು ಬಿಟ್ಟು ಇನ್ನೊಂದು ಸೀಗಡಿ ಚುಚ್ಚಿದ. ದೋಣಿಯ ತಳ ಕೆಸರಿಗೆ ತಾಗಿ ಗೊರಗುಟ್ಟಿತು. ಅತ್ತೆ ಕಣ್ಣು ಮುಚ್ಚಿದ್ದರು. ತೋರುಬೆರಳು ಮಾತ್ರ ದಾರದ ಮೇಲೆ ಎಚ್ಚರವಾಗಿತ್ತು.

"ಬಂತು," ಎಂದರು, ಬಾಗಿಲು ತಟ್ಟಿದವರನ್ನು ಒಳಗೆ ಕರೆಯುವ ಧಾಟಿಯಲ್ಲಿ.

ಎಡಗೈ ರೀಲು ಸುತ್ತಿತು. ಬಲಗೈ ನಡುಗಿತು, ಆದರೆ ಬಿಡಲಿಲ್ಲ. ನನ್ನ ಕೈಗಳು ನನ್ನಡಿ ಸಿಕ್ಕಿಕೊಂಡು ಒದ್ದಾಡಿದವು, ಏಳಲಿಲ್ಲ. ಬೆಳ್ಳಗಿನ ಒಂದು ಮೀನು ದೋಣಿಯೊಳಗೆ ಬಂದು ಬಿತ್ತು.

ಗೈಡ್ ಅದನ್ನು ಅಳತೆ ಹಲಗೆಯ ಮೇಲಿಟ್ಟು, "ಚಿಕ್ಕದು ಅಮ್ಮ. ಇಷ್ಟು ಸಣ್ಣದನ್ನ ಇಟ್ಕೊಳ್ಳೋ ಹಾಗಿಲ್ಲ, ವಾಪಸ್ ಬಿಡ್ಬೇಕು" ಎಂದ.

"ಇರು. ನಾನೂ ಅಳೀತೀನಿ." ಎಂಟು ತಿಂಗಳಿಂದ ಮುದುಡಿದ್ದ ಬೆರಳುಗಳನ್ನು ಅತ್ತೆ ಒಂದೊಂದಾಗಿ ಬಿಡಿಸಿದರು, ಹೆಬ್ಬೆರಳಿಂದ ಕಿರುಬೆರಳವರೆಗೆ. "ಒಂದು ಗೇಣು, ಎರಡು ಬೆರಳು. ಬಿಡಪ್ಪ."

ದೋಣಿಯನ್ನು ಮೂವರೂ ಹುಟ್ಟುಗೋಲು ಊರಿ ಕೆಸರಿನಿಂದ ತಳ್ಳಿಕೊಂಡು ಬಂದೆವು.

ಮನೆಯ ಬಾಗಿಲಲ್ಲಿ ನನ್ನ ಹೆಂಡತಿ ಕೈಕಟ್ಟಿ ನಿಂತಿದ್ದಳು. "ಮೀನೆಲ್ಲಿ?"

"ಬಿಟ್ವಿ."

"ಫೋಟೋ?"

"ಫೋನು ನದೀಲಿದೆ."

"ನಿಮ್ಮ ಗೈಡನ್ನ ಕೇಳೋಣ ಅಂದ್ರೆ ಅವನು ನಿಮ್ಮ ಪ್ರಾಣಸ್ನೇಹಿತ. ಅಮ್ಮ, ನೀನು ಹೇಳು."

"ನಾನ್ಯಾಕೆ ಹೇಳ್ಲಿ? ಮಷಿನ್ ಬೇಕು ಅನ್ನೋಳೇ ನಾನು. ನಿನ್ನ ಗಂಡನ್ನ ಕೇಳು."

ನನ್ನ ಗಂಟಲಲ್ಲಿ ಎಮ್ಮೆ ಕರು ಕೂತಿತ್ತು. ಅದರ ಮೀಸೆ, ಅದರ ಕಣ್ಣು, ದೋಣಿ ವಾಲಿದ್ದು, ಎಲ್ಲ ನಾಲಿಗೆಯ ತುದಿಗೆ ಬಂದು ನೂಕಾಡುತ್ತಿದ್ದವು. ಸೋಮವಾರ ಬರುವವನ ನೆನಪಾಯಿತು. ಹಲ್ಲು ಕಚ್ಚಿ ನುಂಗಿದೆ.

"ಒಂದು ಗೇಣು, ಎರಡು ಬೆರಳು," ಎಂದೆ.

ಅವಳು ನನ್ನನ್ನೇ ದಿಟ್ಟಿಸಿದಳು. "ಅಷ್ಟೇನಾ?"

"ಅಷ್ಟೇ."

"ಇನ್ನೇನೂ ಇಲ್ವಾ? ಮೊಸಳೆ ಗಿಸಳೆ?"

"ಇಲ್ಲ ಕಣೆ. ನಾನು ಮುಟ್ಟಲೇ ಇಲ್ಲ. ಕೈ ಮೇಲೆ ಕೂತಿದ್ದೆ."

ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಅವಳು ಹಾಗೆ ಬೆರಗಾದದ್ದು ನಾನು ಕಂಡಿರಲಿಲ್ಲ. ತಾಯಿಯ ಬಲಗೈಯನ್ನು ಹಿಡಿದು, ತೋರುಬೆರಳ ಮೇಲೆ ದಾರ ಕೊರೆದ ಕೆಂಪು ಗೆರೆಯನ್ನು ಉಜ್ಜಿ ನೋಡಿದಳು. ಆಮೇಲೆ ತನ್ನ ಫೋನು ತೆಗೆದು, "ಸೋಮವಾರ ಬರಬೇಡಿ. ಮಷಿನ್ ಕೊಡಲ್ಲ" ಎಂದಳು.

ಅತ್ತೆ ಹೊದಿಕೆ ಕಿತ್ತೆಸೆದು ಮಷಿನ್ ಮುಂದೆ ಕೂತರು. "ಅಂಗಿ ಬಿಚ್ಚಿ ಅಳಿಯಂದ್ರೇ. ಕಂಕುಳು ಹರಿದ್ಕೊಂಡು ಬೀದಿ ಸುತ್ತಿ ಬಂದಿದೀರಿ."

ಏಳನೇ ಸಲಕ್ಕೆ ಸೂಜಿಯೊಳಗೆ ದಾರ ಹೋಯಿತು. ಏಳೇ, ನಾನು ಎಣಿಸಿದ್ದೇನೆ. ಹೊಲಿಗೆ ಕೊಂಚ ಸೊಟ್ಟ ಬಂತು. ಬೋರ್ಡು ಬರೆಸಲು ನನ್ನ ಅಂಗಡಿಗೆ ಬಂದವರಿಗೆಲ್ಲ ಈಗ ಕೈ ಎತ್ತಿ ಅದನ್ನೇ ತೋರಿಸುತ್ತೇನೆ. ಎಮ್ಮೆ ಕರುವಿನ ಸುದ್ದಿ ಅದಾದ ಮೇಲೆ ಹೇಳುತ್ತೇನೆ. ಈಗೀಗ ಅದು ಆನೆ ಮರಿಯಷ್ಟಾಗಿದೆ.