ಹಣೆಯ ಮೇಲಿನ ನೂರಾ ಹದಿನೆಂಟು

"ಮಾರ್ಚ್ ನಾಲ್ಕಕ್ಕೇ ಬೋರ್ಡಿಗೆ ಅಂಟಿಸಿದ್ದಾರಂತೆ," ಎಂದಳು ವಕೀಲೆ ಡೆನಿತ್ಸಾ, ಫೋನನ್ನು ಮೇಜಿನ ಮೇಲಿಡುತ್ತ. "ಪುರಸಭೆ ಪುಸ್ತಕದಲ್ಲಿ ಹಾಗೇ ಬರೆದಿದೆ. ಪ್ರಕಟಣೆ ನಂಬರು ನೂರಾ ಹದಿನೆಂಟು. ಅಂಟಿಸಿದ ಹತ್ತು ದಿನದೊಳಗೆ ತಕರಾರು ಹಾಕಬೇಕಿತ್ತು. ಇವತ್ತು ಇಪ್ಪತ್ತನಾಲ್ಕು. ಮುಗಿದುಹೋಯ್ತು, ವೆಲಿಕಾ ಅಕ್ಕ."

ವೆಲಿಕಾ ಕಾಫಿ ಲೋಟವನ್ನು ತುಟಿಯವರೆಗೆ ತಂದವಳು ಹಾಗೇ ಕೆಳಗಿಟ್ಟಳು. ಅವಳಿಗೆ ವಿಷಯ ಗೊತ್ತಾದದ್ದೇ ನಿನ್ನೆ. ಮೇಲಿನ ಹಳ್ಳಿಯ ತಿರುವಿನಲ್ಲಿ ಬಸ್ ಕಂಪನಿಯವನೊಬ್ಬ ಟೇಪು ಹಿಡಿದು ರಸ್ತೆ ಅಳೆಯುತ್ತಿದ್ದ. ಮೇ ತಿಂಗಳಿಂದ ಈ ಲೈನು ನಮ್ಮದು, ಆದರೆ ನಮ್ಮ ಬಸ್ಸು ಇಲ್ಲಿಗೆ ಹತ್ತೋದಿಲ್ಲ, ಮಕ್ಕಳು ಸೇತುವೆವರೆಗೆ ನಡೆದು ಬರಲಿ ಎಂದು ನಗುತ್ತ ಹೇಳಿದ್ದ. ಇಪ್ಪತ್ತೆರಡು ವರ್ಷದಿಂದ ಆ ಏಳು ಬೆಟ್ಟದ ಹಳ್ಳಿಗಳ ಮಕ್ಕಳನ್ನು ಶಾಲೆಗೆ ತಂದು ಬಿಡುತ್ತಿದ್ದದ್ದು ಅವಳ ಗಂಡ ಹಾರಲಾಂಪಿಯ ವ್ಯಾನುಗಳು. ಒಂಬತ್ತು ದಿನದ ಜ್ವರದಲ್ಲಿ ಬೆಂದು ಫೆಬ್ರವರಿ ಒಂದಕ್ಕೆ ಲಾಂಪಿ ತೀರಿಕೊಂಡ ಮೇಲೆ ಒಂದು ವ್ಯಾನನ್ನು ಅವಳೇ ಓಡಿಸುತ್ತಿದ್ದಳು, ಇನ್ನೊಂದನ್ನು ಮೈದುನ ಸ್ಪಾಸ್.

ವಸಂತದಲ್ಲಿ ಹೊಸ ಟೆಂಡರ್ ಕರೆಯುತ್ತಾರೆಂದು ಅವಳು ಕಾಗದಪತ್ರ ಜೋಡಿಸಿಕೊಂಡು ಕಾದಿದ್ದಳು. ಪುರಸಭೆಯವರು ಟೆಂಡರ್ ಕರೆಯಲೇ ಇಲ್ಲ. ಪಟ್ಟಣದೊಳಗೆ ಬಸ್ ಓಡಿಸಲು ಆ ಕಂಪನಿಗೆ ಎಂದೋ ಕೊಟ್ಟಿದ್ದ ಗುತ್ತಿಗೆಗೆ ಎರಡು ಪುಟದ ಬಾಲ ಸೇರಿಸಿ, ಏಳು ಹಳ್ಳಿಗಳನ್ನೂ ಅದರೊಳಗೆ ತುರುಕಿ ಕೈತೊಳೆದುಕೊಂಡಿದ್ದರು. ಯಾರನ್ನೂ ಕೇಳಲಿಲ್ಲ, ಯಾರ ದರವನ್ನೂ ನೋಡಲಿಲ್ಲ. ಅದರ ಪ್ರಕಟಣೆಯೇ ಆ ನೂರಾ ಹದಿನೆಂಟು. ಈ ಲೈನು ಹೋದರೆ ವ್ಯಾನುಗಳು ಗುಜರಿಗೆ, ವೆಲಿಕಾ ಬೀದಿಗೆ.

"ನಾಲ್ಕಕ್ಕಾ? ಸುಳ್ಳು ಕಣೇ," ಎಂದಳು ವೆಲಿಕಾ. "ಹನ್ನೆರಡಕ್ಕೆ ನಮ್ಮವರ ನಲವತ್ತನೇ ದಿನದ ಕಾರ್ಯ. ಅವರ ಫೋಟೋ ಇರೋ ಪುಣ್ಯಸ್ಮರಣೆ ಕಾಗದಾನ ನಾನೇ ಆ ಪುರಸಭೆ ಬೋರ್ಡಿಗೆ ಅಂಟಿಸಿದೆ. ಆ ಜಾಗ ಖಾಲಿ ಹಲಗೆ ಆಗಿತ್ತು. ಆಮೇಲೆ ದಿನಾ ಹೋಗಿ ಅವರ ಮುಖ ನೋಡ್ಕೊಂಡು ಬರ್ತಿದ್ದೆ. ಹದಿನಾಲ್ಕಕ್ಕೆ ಹೋದರೆ ಯಾವ ಪುಣ್ಯಾತ್ಮನೋ ಏನೋ, ಸರಿಯಾಗಿ ಮುಖದ ಮೇಲೇ ಮೊಹರಿನ ಕಾಗದ ಬಡಿದಿದ್ದ. ಹೊಟ್ಟೆ ಉರಿದುಹೋಯ್ತು. ಉಗುರಲ್ಲೇ ಕೆರೆದು ಕಿತ್ತು ಬಿಸಾಕಿದೆ."

"ಓದಲಿಲ್ವಾ?"

"ಓದೋಕೆ ನನ್ನ ತಲೆ ನೆಟ್ಟಗಿತ್ತಾ?"

ಡೆನಿತ್ಸಾ ಕುರ್ಚಿಯಿಂದ ಎದ್ದಳು. "ಅಕ್ಕ, ಸರಿಯಾಗಿ ಹೇಳಿ. ಪುರಸಭೆ ಕಾಗದ ಲಾಂಪಿ ಭಾವನ ಫೋಟೋ ಮೇಲಿತ್ತಾ, ಕೆಳಗಿತ್ತಾ?"

"ಮೇಲೆ ಅಂತ ಹೇಳಿದೆನಲ್ಲ."

"ನಾಲ್ಕಕ್ಕೆ ಅಂಟಿಸಿದ್ದು ಹನ್ನೆರಡಕ್ಕೆ ಅಂಟಿಸಿದ್ದರ ಮೇಲೆ ಹೇಗೆ ಬಂತು?"

ವೆಲಿಕಾ ಬೆರಳು ಮಡಿಸಿ ಎಣಿಸಿದಳು. ಹದಿನಾಲ್ಕರಿಂದ ಎಣಿಸಿದರೆ ಹತ್ತನೇ ದಿನ ಇವತ್ತೇ. ಆದರೆ ಅದನ್ನು ತೋರಿಸಬೇಕಾದ ಕಾಗದವನ್ನು ವೆಲಿಕಾ ತನ್ನ ಕೈಯಾರೆ ಹರಿದು ಕಸದ ಡಬ್ಬಿಗೆ ಹಾಕಿದ್ದಳು.

"ಎಲ್ಲಾನೂ ಕಿತ್ತು ಬಂತಾ?"

"ಹಣೆ ಮೇಲೆ ಒಂದು ಚೂರು ಉಳ್ಕೊಂಡುಬಿಡ್ತು. ನೋಡೋಕಾಗದೆ ಅದರ ಮೇಲೇ ಅವರದು ಇನ್ನೊಂದು ಕಾಗದ ಅಂಟಿಸಿದೆ." ಹೇಳುತ್ತಿರುವಾಗಲೇ ವೆಲಿಕಾಳಿಗೆ ತಾನು ಏನು ಮಾಡಬೇಕಾಗುತ್ತದೆಂದು ಹೊಳೆಯಿತು. "ಅಯ್ಯೋ, ಬೇಡ ಡೆನಿತ್ಸಾ."

ಸತ್ತವರ ಕಾಗದವನ್ನು ಆ ಊರಿನಲ್ಲಿ ಯಾರೂ ಕೀಳುವುದಿಲ್ಲ. ಬಿಸಿಲು ಮಳೆಯೇ ಅದನ್ನು ಒಯ್ಯಬೇಕು.

ಎರಡು ಗಂಟೆಗೆ ಪುರಸಭೆಯ ಬೋರ್ಡಿನ ಮುಂದೆ ಆರೇಳು ಜನ ಸೇರಿದ್ದರು. ಮುದುಕ ನೋಟರಿ ಕಿರ್ಚೆವ್ ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಸಿದ್ಧನಾಗಿದ್ದ. ಎದುರಿನ ಕೆಫೆಯಿಂದ ಬಿಸಿನೀರಿನ ಪಾತ್ರೆ ಬಂತು. ವೆಲಿಕಾ ಸ್ಪಂಜು ಅದ್ದಿ ಗಂಡನ ಗಲ್ಲಕ್ಕೆ ಒತ್ತಿದಾಗ ಹಿಂದೆ ನಿಂತಿದ್ದ ಹೆಂಗಸರು ಶಿಲುಬೆಯ ಗುರುತು ಹಾಕಿಕೊಂಡರು.

ಪುರಸಭೆಯ ಕಾರ್ಯದರ್ಶಿ ಮ್ಲಾದೆನೋವ್ ಮೆಟ್ಟಿಲಿಳಿದು ಬಂದ. "ಏನಮ್ಮಾ ವೆಲಿಕಾ, ಸತ್ತ ಗಂಡನಿಗೂ ನೆಮ್ಮದಿ ಕೊಡೋದಿಲ್ವಾ?"

"ಕೊಡದವರು ನೀವು. ಹನ್ನೆರಡಕ್ಕೆ ನಮ್ಮನೆಗೆ ಬಂದು ಅವರ ಹೆಸರಿನ ಸಿಹಿಗೋಧಿ ಎರಡು ಬಟ್ಟಲು ತಿಂದ್ರಿ. ಎರಡು ದಿನ ತಡ್ಕೊಳ್ಳೋಕಾಗದೆ ಮುಖಕ್ಕೆ ಅಂಟು ಮೆತ್ತಿದ್ರಿ."

"ಬಾಯಿ ಬಿಗಿ ಹಿಡಿ. ಪುರಸಭೆ ಪ್ರಕಟಣೆ ಹರಿದದ್ದಕ್ಕೆ ಕೇಸು ಹಾಕಬಹುದು, ಗೊತ್ತಾ? ನೀನು ಹರಿದದ್ದನ್ನ ಇಡೀ ಕೆಫೆ ನೋಡಿದೆ."

"ಹಾಕಿ ಸ್ವಾಮಿ. ಯಾವತ್ತು ಹರಿದೆ ಅನ್ನೋದನ್ನೂ ಮರೀದೆ ಬರೀರಿ."

ಮ್ಲಾದೆನೋವ್ ಫೋನು ಕಿವಿಗಿಟ್ಟುಕೊಂಡು ಒಳಗೆ ನಡೆದ.

ಮೇಲಿನ ಲಾಂಪಿ ಇಡಿಯಾಗಿ ಬರಲಿಲ್ಲ. ಮೊದಲು ಕಾಲರ್ ಹೋಯಿತು, ಆಮೇಲೆ ಗಲ್ಲ. ನಗು ಮೆತ್ತಗಾಗಿ ಅವಳ ಬೆರಳುಗಳ ನಡುವೆ ಅಂಬಲಿಯಾಯಿತು. ಅವಳು ಕೈ ಕೊಡವಲಿಲ್ಲ, ಏಪ್ರನ್‌ಗೆ ಒರೆಸಿಕೊಂಡಳು. ಅವನನ್ನು ಎರಡನೇ ಸಲ ಕೊಲ್ಲುತ್ತಿದ್ದೇನೆ ಎನ್ನಿಸಿತು. ಆದರೂ ಸ್ಪಂಜು ಅದ್ದುತ್ತಲೇ ಇದ್ದಳು, ನಿಲ್ಲಿಸಿದರೆ ಮತ್ತೆ ಶುರುಮಾಡುವ ಧೈರ್ಯ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಕೆಳಗಿನ ಲಾಂಪಿ ಕಾಣಿಸಿದ. ಕೆನ್ನೆಯ ಮೇಲೆ ಅವಳ ಉಗುರಿನ ಗೀರುಗಳಿದ್ದವು. ಹಣೆಯ ಮೇಲೆ ಹೆಬ್ಬೆರಳಗಲದ ಕಾಗದದ ಚೂರು, ಅದರಲ್ಲಿ ಅರ್ಧ ನೀಲಿ ಮೊಹರು.

ಕಿರ್ಚೆವ್ ಬಗ್ಗಿದ. "ನೂರಾ... ಹದಿನೆಂಟು," ಎಂದು ಗಟ್ಟಿಯಾಗಿ ಓದಿದ. ಲಾಂಪಿಯ ಕಾಗದದ ಅಂಚಿನಲ್ಲಿ ಪ್ರೆಸ್ಸಿನವರು ಸಣ್ಣಕ್ಷರದಲ್ಲಿ ಹಾಕಿದ್ದ ತಾರೀಕನ್ನೂ ಓದಿದ: ಮಾರ್ಚ್ ಹನ್ನೊಂದು. ಎರಡನ್ನೂ, ಹದಿಮೂರರವರೆಗೆ ಆ ಮುಖದ ಮೇಲೆ ಏನೂ ಇರಲಿಲ್ಲವೆಂದು ಕೆಫೆಯವಳು ಹೇಳಿದ್ದನ್ನೂ ಬರೆದುಕೊಂಡು ಮೊಹರು ಒತ್ತಿ ಹಾಳೆಯನ್ನು ಅವಳಿಗೆ ಕೊಟ್ಟ.

"ಅರ್ಜಿ ನಾನು ಈಗಲೇ ಕಳಿಸ್ತೀನಿ," ಎಂದಳು ಡೆನಿತ್ಸಾ. "ಆದರೆ ಮೂಲ ಕಾಗದ ಐದು ಗಂಟೆಯೊಳಗೆ ರಾಜಧಾನೀಲಿ ತಕರಾರು ಕೇಳೋ ಆಯೋಗದ ಕಿಟಕಿಗೆ ಮುಟ್ಟಬೇಕು. ಚೂರು ಹಣೆ ಮೇಲಿರೋ ಹಾಗೇನೇ. ಬಿದ್ದುಹೋದ್ರೆ ಅದು ಬರೀ ಕಸ, ಅಕ್ಕ. ಎಲ್ಲಿಂದ ತಂದಿದ್ದೋ ಅಂತಾರೆ."

"ಒದ್ದೆ ಇದ್ದರೆ ಹರಿಯುತ್ತೆ, ಒಣಗಿದರೆ ಚೂರು ಎದ್ದುಬರುತ್ತೆ," ಎಂದ ಕಿರ್ಚೆವ್. "ದೇವರಿದ್ದಾನೆ, ಹೋಗಮ್ಮಾ."

ಕೆಫೆಯವಳು ಚೀಸಿನ ಬನಿತ್ಸಾ ತಿಂಡಿ ಬೇಯಿಸುವ ದೊಡ್ಡ ತಟ್ಟೆ ಕೊಟ್ಟಳು. ಚಾಕುವಿನ ಬೆನ್ನಿನಿಂದ ಕಾಗದವನ್ನು ಬಿಡಿಸಿ, ಮಲಗಿದ ಮಗುವನ್ನು ಎತ್ತುವ ಹಾಗೆ ಎತ್ತಿ, ವೆಲಿಕಾ ತಟ್ಟೆಯ ಮೇಲೆ ಹಾಸಿದಳು. ತನ್ನ ಪಾಲಿನ ಶಾಲೆ ಮಕ್ಕಳನ್ನೂ ಬಿಟ್ಟುಬರಲು ಸ್ಪಾಸ್‌ಗೆ ಹೇಳಿದಳು. ಆಗ ಎರಡೂ ಮುಕ್ಕಾಲು. ಮುಂದೆ ನೂರಾ ಇಪ್ಪತ್ತು ಕಿಲೋಮೀಟರ್, ನಡುವೆ ಘಾಟಿ.

ತಟ್ಟೆಯನ್ನು ವ್ಯಾನಿನಲ್ಲಿ ಪಕ್ಕದ ಸೀಟಿನ ಮೇಲಿಟ್ಟಳು. ಇಷ್ಟು ವರ್ಷ ಅವಳು ಕೂರುತ್ತಿದ್ದ ಸೀಟು ಅದು. ಬೆಲ್ಟನ್ನು ತಟ್ಟೆಯ ಅಡ್ಡಕ್ಕೆ ಎಳೆದು ಸಿಕ್ಕಿಸಿದಳು. ಒದ್ದೆ ಅಂಚು ಆಗಲೇ ಬಿರಿಯುತ್ತಿತ್ತು, ಹಾಗಾಗಿ ಹೀಟರ್ ಹಾಕಿ ಗಾಳಿಯನ್ನು ಆ ಕಡೆಗೆ ತಿರುಗಿಸಿದಳು.

ಘಾಟಿಯ ಬುಡ ಮುಟ್ಟುವಷ್ಟರಲ್ಲಿ ಕಾಗದ ಒಣಗತೊಡಗಿತ್ತು. ಮೊದಲ ತಿರುವಿನಲ್ಲೇ ಚೂರಿನ ಒಂದು ಮೂಲೆ ಎದ್ದು ನಡುಗಿತು. ಹೀಟರ್ ಆರಿಸಿದಳು. ಎರಡನೇ ತಿರುವಿಗೆ ಇನ್ನೊಂದು ಮೂಲೆಯೂ ಎದ್ದಿತು. ನಿಲ್ಲಿಸುವಂತಿಲ್ಲ, ಅಂಟು ತರಲು ಅಂಗಡಿಯಿಲ್ಲ, ಗಡಿಯಾರ ಕಾಯುವುದಿಲ್ಲ. ಎದುರಿಗೆ ಮರದ ಲಾರಿಯೊಂದು ಇಳಿಯುತ್ತಿತ್ತು.

ವೆಲಿಕಾ ಎಡಗೈಯಲ್ಲಿ ಸ್ಟೀರಿಂಗ್ ಬಿಗಿಹಿಡಿದು ಬಲಗೈ ಚಾಚಿದಳು. ರಸ್ತೆಯಿಂದ ಕಣ್ಣು ತೆಗೆಯದೆ ತಡವಿ, ನೂರಾ ಹದಿನೆಂಟನ್ನು ಅಂಗೈಯಿಂದ ಒತ್ತಿ ಹಿಡಿದಳು. ಲಾಂಪಿಯ ಹಣೆ ಇನ್ನೂ ಬೆಚ್ಚಗಿತ್ತು.