ಭಟ್ಟಿಯ ಕಣ್ಣಿಗೆ ಕುಂಕುಮ

ನಾನು ಒಂದು ಗಾಜಿನ ಎಳೆ. ಹುಟ್ಟಾ ಪುಕ್ಕಲು. ಕರಗಿದ ಗಾಜನ್ನು ಕೂದಲಿನಷ್ಟು ಸಣ್ಣಗೆ ಎಳೆದು ನನ್ನನ್ನು ಮಾಡಿದವರು, “ಇದಕ್ಕೆ ನೀರು ಆಗದು, ಬಗ್ಗಿಸಿದರೆ ಮುರಿದೀತು” ಎನ್ನುತ್ತಲೇ ಸುರುಳಿ ಸುತ್ತಿದರು. ಹುಟ್ಟಿದ ದಿನವೇ ಸಾವಿನ ಮಾತು! ಹೆದರದೆ ಏನು ಮಾಡಲಿ? ಮನುಷ್ಯರ ಕಣ್ಣಿಗೆ ಕಾಣದ ಕಾವಿನ ಬೆಳಕು, ಅಂದರೆ ಅವಗೆಂಪು ಕಿರಣ, ಅದನ್ನು ಹೊತ್ತು ಸಾಗಿಸುವುದು ನನ್ನ ಕೆಲಸ.

ಬೆಳಗಾವಿಯ ಒಂದು ಫೌಂಡ್ರಿಗೆ ಬಂದೆ. ಅಲ್ಲಿ ಕರೆಂಟಿನಿಂದ ಕಬ್ಬಿಣ ಕರಗಿಸುವ ಭಟ್ಟಿ ನೋಡಿಕೊಳ್ಳುವವನು ಯಮನಪ್ಪ. ಹೆಸರು ಕೇಳಿಯೇ ನನ್ನ ಜೀವ ಬಾಯಿಗೆ ಬಂತು. ಆದರೆ ಆತ ಇರುವೆಯನ್ನೂ ತುಳಿಯದ ಮನುಷ್ಯ. ಭಟ್ಟಿಯೊಳಗೆ ಇಣುಕಿ ಇಣುಕಿ ಕಣ್ಣು ಮಂಜಾಗಿದ್ದವು. ಈಗ ನನ್ನ ತುದಿಯ ಮಸೂರವೇ ಅವನ ಕಣ್ಣು. ಕಬ್ಬಿಣದ ಕಾವು ನನ್ನೊಳಗೆ ಹರಿದು, ಇನ್ನೊಂದು ತುದಿಗೆ ಜೋಡಿಸಿದ ಪೆಟ್ಟಿಗೆಯ ಮೇಲೆ ಅಂಕಿಯಾಗುತ್ತಿತ್ತು. ಅದನ್ನು ನೋಡಿ ಅವನು ಕರೆಂಟು ಏರಿಸುತ್ತಿದ್ದ, ಇಳಿಸುತ್ತಿದ್ದ. ನಾನು ಮುರಿದರೆ ಕರೆಂಟು ತಾನಾಗಿ ನಿಲ್ಲುವ ಏರ್ಪಾಡೂ ಇತ್ತು.

ಖಂಡೇನವಮಿ ಬಂತು. ಭಟ್ಟಿ ಆರಿಸಿ ಯಂತ್ರಗಳಿಗೆಲ್ಲ ಪೂಜೆ. “ನನ್ನ ಕಣ್ಣು ಉಳಿಸಿದಾಕಿ ನೀನ ನೋಡವ್ವಾ, ನಿನಗ ಮೊದಲು,” ಎಂದು ಯಮನಪ್ಪ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಮಸೂರದ ಮೇಲೇ ಹಚ್ಚಿ ಕೈಮುಗಿದ. ಅಯ್ಯೋ, ನನ್ನ ಕಣ್ಣೇ ಮುಚ್ಚಿತಲ್ಲ!

ಮತ್ತೆ ಭಟ್ಟಿ ಹಚ್ಚಿದಾಗ ನನಗೆ ಸಿಕ್ಕಿದ್ದು ಅರೆಬರೆ ಕಾವು. ಪೆಟ್ಟಿಗೆ ಕಡಿಮೆ ಅಂಕಿ ತೋರಿಸಿತು. “ಇನ್ನೂ ಕಾದೇ ಇಲ್ಲಲ್ಲಾ,” ಎಂದು ಯಮನಪ್ಪ ಕರೆಂಟು ಏರಿಸಿದ. ಮತ್ತೆ ಏರಿಸಿದ. ಕಬ್ಬಿಣ ಮಿತಿಮೀರಿ ಕಾದು ಭಟ್ಟಿಯ ಒಳಗೋಡೆಯನ್ನು ತಿನ್ನತೊಡಗಿತು. ಗೋಡೆ ತೂತಾಗಿ ಕಬ್ಬಿಣ ಅದರ ಹಿಂದೆ ಭಟ್ಟಿ ತಣಿಸಲು ಸುತ್ತಿದ ನೀರಿನ ಕೊಳವೆಗೆ ಮುಟ್ಟಿದರೆ ಎಲ್ಲವೂ ಸಿಡಿಯುತ್ತದೆ. ಯಮನಪ್ಪ ಅದರ ಎದುರಿಗೇ ನಿಂತಿದ್ದಾನೆ! ಕೂಗೋಣವೆಂದರೆ ನನಗೆ ಬಾಯಿಲ್ಲ.

ಅಷ್ಟರಲ್ಲಿ ನನ್ನ ಹೊದಿಕೆ ಕಮರಿತು. ಅವನನ್ನು ಉಳಿಸಲೆಂದು ಮುರಿದೆ ಎಂದರೆ ಸುಳ್ಳಾದೀತು. ಕಾವು ತಡೆಯಲಾರದೆ ಚಟ್ಟನೆ ಮುರಿದೆ. ಕರೆಂಟು ನಿಂತಿತು.

“ಹಬ್ಬ ಮುಗದ ಕೂಡ್ಲೇ ಕೈ ಕೊಡ್ತಲ್ಲ ಇದು!” ಎಂದು ನನ್ನನ್ನು ಬೈಯುತ್ತ ಬಂದ ಎಲೆಕ್ಟ್ರಿಷಿಯನ್ ದುಂಡಪ್ಪ ಮಸೂರ ನೋಡಿ ಬೆಚ್ಚಿದ. ಭಟ್ಟಿ ಬರಿದು ಮಾಡಿಸಿ, ತಣಿದ ಮೇಲೆ ಒಳಗೆ ಇಣುಕಿದ.

“ಯಣ್ಣಾ, ಕಣ್ಣಿಗೇ ಕುಂಕುಮ ಮೆತ್ತೀಯಲ್ಲೋ! ಒಳಗೋಡಿ ನೋಡಿಲ್ಲಿ, ಹಪ್ಪಳ ಆಗೇತಿ.”

ಯಮನಪ್ಪ ನೋಡಿದ. ಹೆಗಲ ಮೇಲಿನ ವಸ್ತ್ರ ತೆಗೆದು ಮಸೂರ ಒರೆಸತೊಡಗಿದ. “ಭಕ್ತೀಲೆ ಹಚ್ಚಿದ್ನೋ ತಮ್ಮಾ…”

ಈಗ ನಾನು ಫೌಂಡ್ರಿಯ ದೇವರ ಜಗಲಿಯ ಮೇಲಿನ ಗೇಣುದ್ದದ ತುಂಡು. ಭಟ್ಟಿಗೆ ಹೊಸ ಎಳೆ ಬಂದಿದೆ. ಪ್ರತಿ ಖಂಡೇನವಮಿಗೂ ಯಮನಪ್ಪ ಅದಕ್ಕೆ ದೂರದಿಂದಲೇ ಕೈಮುಗಿದು, ಕುಂಕುಮದ ಬೆರಳನ್ನು ನನ್ನತ್ತ ತರುತ್ತಾನೆ. ನಾನು ಇನ್ನು ನೋಡಬೇಕಾದ್ದು ಏನೂ ಇಲ್ಲ, ನಿಜ. ಆದರೂ ಆ ಬೆರಳು ಹತ್ತಿರ ಬಂದಾಗಲೆಲ್ಲ ನಡುಗುತ್ತೇನೆ. ಅವನ ಬೆರಳೂ ನಡುಗುತ್ತಿರುತ್ತದೆ.