ಕಂಬಳಿಯ ನಾಲ್ಕು ಕಿಲೊ

ಅಕ್ಕಲಕೋಟದ ಹೈಸ್ಕೂಲೊಂದರ ಹಿಂಬದಿಯಲ್ಲಿ ಡಾಂಬರು ಬಳಿದ ಒಂದು ಗೋಡೆ. ಅದರ ಮೇಲೆ ಎಡದಿಂದ ಬಲಕ್ಕೆ ಹತ್ತು ಸುಣ್ಣದ ಗುರುತುಗಳು. ಪ್ರತಿಯೊಂದೂ ಜಿಗಿದು ಮುಟ್ಟಿದ ಮೂರು ಬೆರಳ ತುದಿಗಳ ಅಚ್ಚು. ಪ್ರತಿಯೊಂದರ ಕೆಳಗೂ ಸಣ್ಣ ಅಕ್ಷರಗಳಲ್ಲಿ ಒಂದು ಶನಿವಾರದ ತಾರೀಖು. ಎರಡನೆಯದು ಮೊದಲಿನದಕ್ಕಿಂತ ಒಂದು ಬೆರಳು ಎತ್ತರ, ಮೂರನೆಯದು ಇನ್ನೊಂದು ಬೆರಳು. ಹೀಗೆ ಏಳನೆಯದರವರೆಗೆ ಅವು ಯಾವ ಅವಸರವೂ ಇಲ್ಲದೆ, ಎಳೆಬಿಸಿಲು ಗೋಡೆ ಹತ್ತುವ ಹಾಗೆ ಹತ್ತಿದ್ದವು. ಎಂಟನೆಯದು ಅಲ್ಲಿಯೇ ನಿಂತಿತ್ತು. ಒಂಬತ್ತನೆಯದು ಇಳಿದಿತ್ತು. ಹತ್ತನೆಯದರ ಸುಣ್ಣ ಇನ್ನೂ ಹಸಿ. ಅದು ಐದನೆಯದಕ್ಕಿಂತಲೂ ಕೆಳಗಿತ್ತು.

ಶಾಂತಪ್ಪ ಮಾಸ್ತರರು ಆ ಗೋಡೆಯ ಮುಂದೆ ನಿಂತಿದ್ದರು. ಐವತ್ತೇಳು ವರ್ಷದ ಡ್ರಿಲ್ ಮಾಸ್ತರರು. ಅವರ ಎಡತೋಳಿನ ಮೇಲೆ ಕಿಸೆಗಳುಳ್ಳ ಒಂದು ಕಂಬಳಿಯಂಗಿ ಭಾರವಾಗಿ ಜೋತಿತ್ತು. ಗುರುತುಗಳ ಒಡತಿ ಛಾಯಾ ಪಕ್ಕದಲ್ಲಿ ನಿಂತು ಬೆರಳಿನ ಸುಣ್ಣವನ್ನು ಲಂಗಕ್ಕೆ ಒರೆಸಿಕೊಳ್ಳುತ್ತಿದ್ದಳು. ಭಂಡಾರಕವಠೆಯ ಕುರಿಗಾರರ ಮಗಳು, ವಯಸ್ಸು ಹದಿನಾರು, ಎತ್ತರ ಜಿಗಿತದಲ್ಲಿ ತಾಲೂಕಿಗೇ ಮೊದಲು. ಇನ್ನು ಎಂಟು ದಿನಕ್ಕೆ ಸೊಲ್ಲಾಪುರದಲ್ಲಿ ಆಯ್ಕೆ. ಪುಣೆಯ ರಾಜ್ಯ ಪಂದ್ಯಕ್ಕೆ ಇಡೀ ಜಿಲ್ಲೆಯಿಂದ ಒಬ್ಬಳೇ. ಮಾರ್ಚ್‌ನಲ್ಲಿ ಹದಿನೇಳು ತುಂಬಿದ ಮೇಲೆ ಈ ವಯೋಮಾನದಲ್ಲಿ ಅವಳಿಗೆ ಮತ್ತೊಂದು ಅವಕಾಶವಿರಲಿಲ್ಲ.

"ಸರ, ಗ್ವಾಡಿ ಬೆಳದದ ನೋಡ್ರಿ," ಎಂದಳು.

"ಗ್ವಾಡಿ ಬೆಳದಿಲ್ಲ ಮಗಳ. ನೀ ಇಳದಿ."

"ಎಂಟ ದಿನದಾಗ ಏರತೀನಿ. ಬಿರೋಬಾ ದೇವರ ಇದ್ದಾನ." ಅಂಗಿಯನ್ನು ಅವರ ತೋಳಿನಿಂದ ತೆಗೆದುಕೊಂಡು ಹೊರಟುಹೋದಳು.

ಆ ಮಾತಿನಲ್ಲಿ ಅಳುಕಿರಲಿಲ್ಲ. ಮಾಸ್ತರರಲ್ಲೂ ಅಳುಕಿರಲಿಲ್ಲ. ಲೆಕ್ಕ ಮಾತ್ರ ತಾಳೆಯಾಗುತ್ತಿರಲಿಲ್ಲ.

ಪಟಿಯಾಲಾದ ಒಂದು ತಿಂಗಳ ತರಬೇತಿಯಿಂದ ಅವರು ತಂದದ್ದು ಒಂದು ನೋಟ್‌ಬುಕ್ಕು ಮತ್ತು ಒಂದು ನಂಬಿಕೆ: ತೂಕ ಹೊತ್ತು ಜಿಗಿದ ಕಾಲು, ತೂಕ ಇಳಿಸಿದ ದಿನ ನೆಲವನ್ನು ಮರೆಯುತ್ತದೆ. ಆದರೆ ಹೊರುವ ತೂಕ ಮೈತೂಕದ ಹತ್ತರಲ್ಲೊಂದು ಪಾಲನ್ನು ಮೀರಬಾರದು. ವಾರಕ್ಕೆ ಎರಡೇ ದಿನ, ಸೋಮವಾರ ಮತ್ತು ಗುರುವಾರ. ನಡುವಿನ ದಿನಗಳಲ್ಲಿ ಕಾಲಿಗೆ ಪೂರ್ಣ ಬಿಡುವು. ಮೊಣಕಾಲೆತ್ತರದ ಕಲ್ಲಿನಿಂದ ಕೆಳಕ್ಕೆ ಹಾರಬೇಕು. ಪಾದ ನೆಲ ಮುಟ್ಟಿದ ಕ್ಷಣವೇ, ಕಾದ ಹಂಚು ಮುಟ್ಟಿದ ಬೆರಳಿನಂತೆ, ಮೇಲಕ್ಕೆ ಚಿಮ್ಮಬೇಕು. ಒಳ್ಳೆಯ ಚಿಮ್ಮುವಿಕೆಯ ಸದ್ದು ಚಿಕ್ಕದು, ಟಪ್ ಎಂದಷ್ಟೇ. ದಣಿದ ಕಾಲಿನ ಸದ್ದು ಉದ್ದ. ಮಾಸ್ತರರು ಕಣ್ಣು ಮುಚ್ಚಿ ಕಿವಿಯಿಂದಲೇ ತೂಗುತ್ತಿದ್ದರು.

ಕಂಬಳಿಯಂಗಿಯನ್ನು ಹೊಲಿದುಕೊಟ್ಟವಳು ಛಾಯಾಳ ಅಜ್ಜಿ ರೇವಮ್ಮ. ಎದೆಗೆ ಆರು ಕಿಸೆ, ಬೆನ್ನಿಗೆ ಆರು. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕಾರ್ಖಾನೆಗಳಿಂದ ತಂದ ಮಗ್ಗದ ಹಳೆಯ ನಟ್ಟು-ಬೋಲ್ಟುಗಳನ್ನು ತುಂಬಿದರೆ ಸರಿಯಾಗಿ ನಾಲ್ಕು ಕಿಲೊ. ಆಯ್ಕೆಯ ತಾರೀಖು ಗೊತ್ತಾದ ದಿನ ಅಜ್ಜಿ ಅದರ ಒಂದು ಕಿಸೆಗೆ ಬಿರೋಬಾನ ಭಂಡಾರ, ಆ ಪವಿತ್ರ ಅರಿಶಿನಪುಡಿ, ಹಾಕಿ ಬಾಯಿ ಹೊಲಿದಿದ್ದಳು. ಮಾಸ್ತರರು ಅಂಗಿಯನ್ನು ಹಣೆಗೊತ್ತಿಕೊಂಡಿದ್ದರು. ಅಂದಿನಿಂದ ಛಾಯಾ ಗೋಡೆಯ ಮುಂದೆ ಅದನ್ನು ಬಿಚ್ಚಿ ಅವರ ಕೈಗೇ ಕೊಟ್ಟು, "ನೆಲಕ್ಕ ಇಡಬ್ಯಾಡ್ರಿ ಸರ," ಎನ್ನುತ್ತಿದ್ದಳು. ಹುಡುಗಿಗೆ ಶಿಸ್ತು ಬಂತೆಂದು ಅವರು ಹಿಗ್ಗಿದ್ದರು.

ಅಂದಿನಿಂದ. ಅಂದರೆ ಮೂರು ವಾರದಿಂದ. ಮಾಸ್ತರರು ಸೈಕಲ್ ಹತ್ತಿದರು.

ಊರಾಚೆಯ ಎರೆಹೊಲದಲ್ಲಿ ಛಾಯಾಳ ಅಪ್ಪ ಧರೆಪ್ಪನ ಕುರಿಗಳು ತಂಗಿದ್ದವು. ಇನ್ನೂ ಬೆಳಕಿತ್ತು. ಹುಡುಗಿ ಕಣ್ಣಿಗೆ ಬೀಳುವ ಮೊದಲೇ ಅವಳ ಸದ್ದು ಕಿವಿಗೆ ಬಿತ್ತು: ಧೊಪ್. ಮತ್ತೆ ಧೊಪ್. ಅಂಗಿ ತೊಟ್ಟ ಛಾಯಾ, ಹೆಗಲ ಮೇಲೊಂದು ಮರಿಯನ್ನೂ ಹೊತ್ತು, ಹಟ್ಟಿಯ ಮುಳ್ಳುಬೇಲಿಯನ್ನು ದಾಟುತ್ತಿದ್ದಳು.

"ಛಾಯಾ! ಇವತ್ತ ಯಾವ ವಾರ?"

"ಶನಿವಾರರಿ ಸರ."

"ಮತ್ತ ಇದ್ಯಾಕ ಮೈಮ್ಯಾಲ?"

ಉತ್ತರ ಒಲೆಯ ಮುಂದಿನಿಂದ ಬಂತು. "ತಗಿಯಂಗಿಲ್ರಿ ಮಾಸ್ತರ್ರ," ಎಂದಳು ರೇವಮ್ಮ. "ಭಂಡಾರ ಕೂತದ ಅದರಾಗ. ಹರಕಿ ಮುಗಿಯೂತನ ನೆಲಾ ಮುಟ್ಟಬಾರದು, ಮೈ ಬಿಟ್ಟ ಇಳೀಬಾರದು. ನೀವೂ ಹಣಿಗಿ ಹಚ್ಚಿಕೊಂಡ್ರಿ. ನಾ ನೋಡೇನಿ."

"ಮಲಗೂವಾಗ?"

"ಮಲಗೂವಾಗೂ ಅದೇ," ಎಂದು ಛಾಯಾ ಹೆಮ್ಮೆಯಿಂದ ಹೇಳಿದಳು. "ಒಂದ ದಿನಾನೂ ತಪ್ಪಿಲ್ರಿ."

ತಪ್ಪು ಯಾರದೆಂದು ಮಾಸ್ತರರಿಗೆ ತಿಳಿಯಿತು. ದೇವರನ್ನು ಕಿಸೆಗೆ ಹಾಕಿ ಹೊಲಿಯುವಾಗ ಕೈಮುಗಿದು ನಿಂತವರು ಅವರೇ. ಈಗ ದೇವರನ್ನು ಇಳಿಸೆಂದರೆ ಹುಡುಗಿಯ ಕಾಲಿನ ಬಲಕ್ಕಿಂತ ಮೊದಲು ಎದೆಯ ಬಲ ಹೋಗುತ್ತಿತ್ತು. ಅವರು ಧರೆಪ್ಪನ ಕಡೆ ತಿರುಗಿದರು.

"ಧರೆಪ್ಪ, ಟಗರ ಕಾಳಗಕ್ಕ ಬಿಡೂ ಮುಂದ ಎಂಟ ದಿನಾ ಏನ ಮಾಡ್ತಿ?"

"ಏನ ಮಾಡೂದ್ರಿ, ಕಟ್ಟಿ ಮೇಯಿಸ್ತೀನಿ. ಅಡ್ಡಾಡಾಕೂ ಬಿಡಂಗಿಲ್ಲ."

"ಯಾಕ?"

"ಕಸುವ ಕಾಲಾಗ ಕೂಡಬೇಕಲ್ರಿ." ಹೇಳಿದವನೇ ಧರೆಪ್ಪ ಮಗಳ ಕಾಲು ನೋಡಿದ, ಆಮೇಲೆ ತಾಯಿಯ ಮುಖ ನೋಡಿದ. "ಯವ್ವಾ, ಮಾಸ್ತರ್ರು ಬರೋಬರ ಹೇಳಾಕತ್ತಾರ."

"ಟಗರ ಹರಕಿ ಹೊತ್ತಿರತದೇನೊ?" ಮುದುಕಿ ಸೋಲುವವಳಲ್ಲ.

"ಆಯಿ, ಶನಿವಾರ ಗ್ವಾಡಿ ಮುಂದ ಜಿಗಿಯೂವಾಗ ಅಂಗಿ ಎಲ್ಲಿರತದ?" ಎಂದು ಕೇಳಿದರು ಮಾಸ್ತರರು.

"ನಿಮ್ಮ ಕೈಯಾಗ. ಗುರುವಿನ ಕೈ, ಅದು ನಡೀತದ."

"ಕೈ ನಡದರ ಮೈ ನಡಿಯಂಗಿಲ್ಲೇನು?"

ರೇವಮ್ಮ ಹೂಂಗುಟ್ಟಿ ಒಲೆಗೆ ಕಟ್ಟಿಗೆ ಮುಂದೂಡಿದಳು. ಮಾಸ್ತರರು ತಮ್ಮ ಶರ್ಟು ಕಳಚಿ ತೋಳು ಚಾಚಿ ನಿಂತರು. ಛಾಯಾ ಕಂಬಳಿಯನ್ನು ತನ್ನ ಮೈಯಿಂದ ಅವರ ಮೈಗೆ, ನೆಲಕ್ಕೆ ತಾಗದಂತೆ, ಹಾಲಿನ ಪಾತ್ರೆ ದಾಟಿಸುವ ಎಚ್ಚರದಿಂದ ದಾಟಿಸಿದಳು.

"ಬಿಗಿ ಆತಲ್ರಿ ಸರ, ಹೊಟ್ಟಿ ಕಡೆ," ಎಂದು ನಕ್ಕಳು.

ಮನೆಯಲ್ಲಿ ಹೆಂಡತಿ ಅಂಬಾಬಾಯಿ ನಗಲಿಲ್ಲ. "ಏನ್ರಿ, ನಿಮ್ಮನ್ನ ಯಾವ ಪಂದ್ಯಕ್ಕ ಆರಿಸ್ಯಾರ? ಮೆಟ್ಟಲ ಹತ್ತೂವಾಗ ಕಬ್ಬಿಣದಂಗಡಿ ಬಂದಂಗ ಸಪ್ಪಳ ಬರತದ." ಆದರೂ ಹೆಗಲು ತರಚದಿರಲೆಂದು ಒಳಗೊಂದು ಹಳೆಯ ಪಂಚೆಯ ಪದರ ಮಡಿಸಿಟ್ಟಳು. ಮೊದಲ ಮೂರು ದಿನ ಬೆನ್ನು ಮುರಿಯಿತು. ನಾಲ್ಕನೆಯ ದಿನ ಹಾಜರಿ ಕರೆಯುವಾಗ, ತಾನು ಏನನ್ನೋ ಹೊತ್ತಿದ್ದೇನೆಂಬುದೇ ಮಾಸ್ತರರಿಗೆ ಮರೆತುಹೋಗಿತ್ತು. ಭಾರದ ಮೋಸ ಅಲ್ಲಿಯೇ ಇದೆಯೆಂದು ಅವರಿಗೆ ಹೊಳೆಯಿತು: ಅದು ನೋಯುವುದನ್ನು ನಿಲ್ಲಿಸುತ್ತದೆ, ಹಿಂದಕ್ಕೆಳೆಯುವುದನ್ನು ನಿಲ್ಲಿಸುವುದಿಲ್ಲ. ಹುಡುಗಿ ಅದಕ್ಕೇ ಗೋಡೆ ಬೆಳೆದಿದೆ ಎಂದಿದ್ದಳು.

ಸೊಲ್ಲಾಪುರದ ಮೈದಾನದಲ್ಲಿ ಕೊನೆಗೆ ಇಬ್ಬರೇ ಉಳಿದರು. ಪಟ್ಟಿ ಒಂದು ಮೀಟರ್ ನಲವತ್ತೈದಕ್ಕೆ ಏರಿತ್ತು. ಪಂಢರಪುರದ ಹುಡುಗಿ ತನ್ನ ಮೂರು ಅವಕಾಶಗಳನ್ನೂ ಕಳೆದುಕೊಂಡಳು. ಆದರೆ ಕೆಳಗಿನ ಎತ್ತರಗಳಲ್ಲಿ ಅವಳು ತಪ್ಪೇ ಮಾಡಿರಲಿಲ್ಲ, ಛಾಯಾ ಮಾಡಿದ್ದಳು. ಛಾಯಾ ಇದನ್ನು ದಾಟದಿದ್ದರೆ ಪುಣೆ ಆ ಹುಡುಗಿಯ ಪಾಲು. ಛಾಯಾ ಎರಡು ಸಲ ಓಡಿಬಂದು ಎರಡು ಸಲವೂ ಎದೆಯಿಂದ ಪಟ್ಟಿ ಬೀಳಿಸಿದಳು. ನೇರವಾಗಿ ಮಾಸ್ತರರ ಬಳಿ ಬಂದಳು.

"ಸರ, ಮೈ ಭಾಳ ಹಗುರ ಆಗೇದ. ಕಾಲ ನನ್ನ ಮಾತ ಕೇಳವಲ್ದು. ಕಂಬಳಿ ಒಂದೀಟ ಕೊಡ್ರಿ."

ಅವಳ ಕಣ್ಣಲ್ಲಿ ಮೊದಲ ಸಲ ಅಳುಕು ಕಂಡಿತು. ಮಾಸ್ತರರು ಅವಳ ಮುಖವನ್ನಲ್ಲ, ಮಣ್ಣಿನ ಮೇಲಿನ ಹೆಜ್ಜೆಗಳನ್ನು ನೋಡುತ್ತಿದ್ದರು. ಚಿಮ್ಮಿದ ಜಾಗ ಪಟ್ಟಿಗೆ ತೀರ ಹತ್ತಿರವಿತ್ತು.

"ಕಾಲ ಮಾತ ಕೇಳವಲ್ದಂತಲ್ಲ, ನಿನ್ನ ಹೆಜ್ಜಿ ಉದ್ದಾಗ್ಯಾವ. ಕಸುವ ಕೂಡೇದ, ಓಟದ ಗುರುತ ಮಾತ್ರ ಹಳೇದ ಅದ. ಓಟ ಒಂದ ಪಾದ ಹಿಂದಿಂದ ಸುರು ಮಾಡು."

"ಅಷ್ಟೇನ್ರಿ?"

"ಅಷ್ಟ."

ಛಾಯಾ ಅವರ ಶರ್ಟಿನ ಮೇಲಿನಿಂದಲೇ ಭಂಡಾರದ ಕಿಸೆಯನ್ನು ಮುಟ್ಟಿ, ಬೆರಳನ್ನು ಹಣೆಗೆ ಹಚ್ಚಿಕೊಂಡಳು. ಹೋಗಿ ಸುಣ್ಣದ ಗುರುತನ್ನು ಒಂದು ಪಾದ ಹಿಂದೆ ಬರೆದಳು.

ಮಾಸ್ತರರು ಕಣ್ಣು ಮುಚ್ಚಿದರು. ಓಟದ ಹೆಜ್ಜೆಗಳು ಹತ್ತಿರವಾದವು. ಆಮೇಲೆ ಒಂದು ಚಿಕ್ಕ ಸದ್ದು, ಟಪ್. ಆಮೇಲೆ ಗಾದಿ ಉಸಿರು ಬಿಟ್ಟ ಸದ್ದು. ಪಟ್ಟಿ ಬೀಳುವ ಸದ್ದಿಗಾಗಿ ಅವರು ಕಾದರು. ಅದು ಬರಲೇ ಇಲ್ಲ.

ಐದನೆಯ ದಿನ ಬೆಳಿಗ್ಗೆ ಸೊಲ್ಲಾಪುರದ ಎಸ್‌ಟಿ ಸ್ಟ್ಯಾಂಡಿನಲ್ಲಿ ಪುಣೆಯ ಬಸ್ಸು ನಿಂತಿತ್ತು. ಜಿಲ್ಲಾ ತಂಡದ ಮಕ್ಕಳು ಒಳಗೆ ಗದ್ದಲ ಮಾಡುತ್ತಿದ್ದರು. ಮಾಸ್ತರರು ಶರ್ಟಿನ ಮೇಲಿನ ಗುಂಡಿ ಬಿಚ್ಚುತ್ತ ರೇವಮ್ಮನಿಗೆ ಹೇಳಿದರು: "ಆಯಿ, ಹರಕಿ ಮುಗೀತು. ಇನ್ನ ತಗೊಳ್ರಿ ನಿಮ್ಮ ದೇವರನ್ನ."

"ಎಲ್ಲಿ ಮುಗೀತ್ರಿ?" ಮುದುಕಿ ಆ ಗುಂಡಿಯನ್ನು ತಾನೇ ಮತ್ತೆ ಹಾಕಿದಳು. "ನಾ ಬೇಡಿಕೊಂಡದ್ದು ಪುಣೇಕ್ಕ. ಸೊಲ್ಲಾಪುರ ನಡುವ ಬಂದದ್ದು."

ಛಾಯಾ ಜೋರಾಗಿ ನಕ್ಕಳು. ಬಾಗಿ ಇಬ್ಬರ ಕಾಲನ್ನೂ ಮುಟ್ಟಿದಳು. ಬಸ್ಸಿನ ಮೂರು ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತುವುದನ್ನು ಬಿಟ್ಟು, ಎರಡೂ ಕಾಲು ಜೋಡಿಸಿ ಒಂದೇ ನೆಗೆತಕ್ಕೆ ಒಳಗಾದಳು.

"ಏ ಪೋರಿ, ಸಾವಕಾಶ!" ಎಂದು ಕಂಡಕ್ಟರ ಗದರಿ, ಅವಳ ಹಿಂದೆ ಬಾಗಿಲನ್ನು ಧಡ್ಡನೆ ಎಳೆದುಕೊಂಡ.